ಅದಿತಿಯ ಫೋಟೋಗಳು

೧೪ ಜೂನ್, ಶನಿವಾರ, ಟೂವಾಂಗ್

ಫೋಟೋಗಳು ಹೋದವು. ಮನೆಯ ಫೋಟೋ ಆ್ಯಪ್ ಅಪ್‌ಡೇಟ್ ಮಾಡಲೆಂದು ಮಧ್ಯಾಹ್ನ ಹಳೆಯ ಕಂಟೇನರನ್ನು, ಎಂದರೆ ಕಂಪ್ಯೂಟರಿನೊಳಗೆ ಆ ಆ್ಯಪ್ ಕೂತಿದ್ದ ಸಾಫ್ಟ್‌ವೇರ್ ಪೆಟ್ಟಿಗೆಯನ್ನು, ಅಳಿಸಿದೆ. ಕಂಪ್ಯೂಟರಿನ ಫೋಲ್ಡರನ್ನು ಅದಕ್ಕೆ ಜೋಡಿಸಿದ್ದೇನೆ, ಚಿತ್ರಗಳೆಲ್ಲ ಹೊರಗೆ ಭದ್ರವಾಗಿವೆ ಎಂದೇ ನಂಬಿದ್ದೆ. ಜೋಡಿಸುವಾಗ ಒಳಗಿನ ಫೋಲ್ಡರಿನ ಹೆಸರಲ್ಲಿ ಒಂದಕ್ಷರ ತಪ್ಪಿತ್ತು. ಎಲ್ಲವೂ ಕಂಟೇನರಿನೊಳಗೇ ಉಳಿದಿದ್ದವು, ಅದರ ಜೊತೆಗೇ ಹೋದವು. ಹುಟ್ಟಿದ ಆಸ್ಪತ್ರೆಯಿಂದ ಮನೆಗೆ ಬರಲೇ ಇಲ್ಲದ ನಮ್ಮ ಮಗಳು ಅದಿತಿಯ ಚಿತ್ರಗಳೂ. ಬೇರೆ ಪ್ರತಿ ಇಲ್ಲ.

ಅಡಿಲೇಡ್‌ನಲ್ಲಿ ಡಾಕ್ಟರಾಗಿರುವ ಹೆಂಡತಿ ಸುಭದ್ರಾಗೆ ಫೋನ್ ಮಾಡಿ ಹೇಳಿದೆ.

"ಡ್ಯೂಟಿಗೆ ಹೊರಡೋ ಮುಂಚೆ ದಿನಾ ಅವಳ ಫೋಟೋ ನೋಡ್ತಿದ್ದೆ," ಎಂದಳು.

ನನಗದು ಗೊತ್ತಿರಲಿಲ್ಲ. ನಾನು ಅವನ್ನು ಒಮ್ಮೆಯೂ ತೆರೆದಿರಲಿಲ್ಲ. ಈಗಲೂ ಅಳು ಬರುತ್ತಿಲ್ಲ.

"ಊಟ ಆಯ್ತಾ?" ಎಂದು ಅವಳೇ ಕೇಳಿದಳು.

ಆಯ್ತು ಅಂದೆ. ಅನ್ನ ಕುಕ್ಕರಿನಲ್ಲೇ ಇದೆ. ಎದ್ದು ಹೋಗಿ ಅದನ್ನಾದರೂ ಉಣ್ಣಬೇಕು.