ಹಾರದ ಹಿಂದೆ

ಬಾಗಲಗುಂಟೆ, ೨೪ ಸೆಪ್ಟೆಂಬರ್ ೧೯೯೬, ಮಂಗಳವಾರ

ಆ ಹಾರ ಕಣ್ಣಿಂದ ಹೋಗ್ತಾನೇ ಇಲ್ಲ.

ನಿನ್ನೆ ನಮ್ಮ ಲೋಕಲ್ ಕೇಬಲ್ ಚಾನೆಲ್‌ನಲ್ಲಿ ಗಣೇಶನ ಮೆರವಣಿಗೆ ಕ್ಯಾಸೆಟ್ ಹಾಕಿದ್ದೆ. ಏರಿಯಾದವರೆಲ್ಲ ತಮ್ತಮ್ಮ ಮುಖ ಹುಡುಕ್ತಾ ಕೂತು ನೋಡಿದಾರೆ. ಬೆಳಿಗ್ಗೆ ಮನೆ ಓನರ್ ಮುನಿಕೆಂಪಣ್ಣ ಬಂದ್ರು. "ನಾಳೆ ಇನ್ನೊಂದ್ಸಲ ಹಾಕಪ್ಪ. ನಾನು ಗಣೇಶನಿಗೆ ಹಾರ ಹಾಕೋದನ್ನ ನಿಧಾನಕ್ಕೆ ಓಡ್ಸು. ನಿನ್ನೆ ಸರಿಯಾಗಿ ಕಾಣ್ಲಿಲ್ಲ."

ಆಮೇಲೆ ನಿಧಾನಕ್ಕೆ ಓಡಿಸಿ ನೋಡಿದೆ. ಅವರ ಬೆನ್ನ ಹಿಂದೇನೇ ಮಗಳು ಮಂಜುಶ್ರೀ, ಪೀಣ್ಯದ ಫ್ಯಾಕ್ಟರೀಲಿ ಲೇತ್ ಮೆಷಿನ್ ಓಡಿಸೋ ಹುಡುಗನ ಕೈ ಹಿಡ್ಕೊಂಡು ನಿಂತಿದಾಳೆ. ಕ್ಯಾಮೆರಾ ಹಿಡಿದಿದ್ದ ನನಗೇ ಅವತ್ತು ಕಂಡಿರಲಿಲ್ಲ.

ಡಿಶ್ಶು, ಮೆಷಿನ್ನು, ಮೂರು ವರ್ಷದ ಚಾನೆಲ್ಲು, ಎಲ್ಲಾ ಅವರ ಮಹಡಿ ಮೇಲೇ ಇದೆ. ಹಾರ ಹಾಕೋ ಸೀನ್ ಕತ್ತರಿಸಿದ್ರೆ ಜಾಗ ಖಾಲಿ ಮಾಡಿಸ್ತಾರೆ. ತೋರಿಸಿದ್ರೆ ಆ ಹುಡುಗನ ಗತಿ?

ಸಂಜೆ ಓನರ್ ಹೆಂಡತಿ ಚಿಕ್ಕತಾಯಮ್ಮ ಒಣಗಿದ ಬಟ್ಟೆ ಎತ್ತೋಕೆ ಮೇಲೆ ಬಂದ್ರು. ನನ್ನ ಮುಖ ನೋಡದೆ, "ಈ ತಂತೀನ ಇಲಿ ಕಡಿದ್ರೆ ಯಾರ ಮನೇಗೂ ಟೀವಿ ಬರಾಕಿಲ್ವಾ?" ಅಂದ್ರು.

"ಬರಲ್ಲಮ್ಮ."

"ಇಲ್ಲಿ ಇಲಿ ಜಾಸ್ತಿ ಕಣಪ್ಪ," ಅಂತ ಇಳಿದು ಹೋದ್ರು.

ಹೋದ ಜೀವ ಬಂದಂಗಾಯ್ತು. ಈಗ ನಿದ್ದೆ ಬರ್ತಿಲ್ಲ. ನಿನ್ನೆ ಚಿಕ್ಕತಾಯಮ್ಮನ ಕಣ್ಣಿಗೆ ಬಿದ್ದಿದ್ದು ಗಂಡನ ಕಣ್ಣಿಗೆ ಬೀಳ್ಲಿಲ್ವಾ? ಅವರು ನಿಧಾನಕ್ಕೆ ನೋಡ್ಬೇಕು ಅಂದಿದ್ದು ಹಾರವನ್ನೇನಾ?