ನನ್ನ ಅಂಕ ಏರಿಸಿದವಳಿಗೆ

ಐಮಂಗಲ
14 ಅಕ್ಟೋಬರ್ 2025

ನನ್ನ ಪಲ್ಲವಕ್ಕನಿಗೆ,

ಕಾವ್ಯಶ್ರೀ ಮಾಡುವ ನಮಸ್ಕಾರ. ಫೋನಲ್ಲಾದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ಅದಕ್ಕೇ ಕಾಗದ. ಮಂಡಿ ಹೇಗಿದೆ? ನೀನು ಮತ್ತೆ ಓಡುತ್ತಿದ್ದೀಯ ಎಂದು ಕೋಚ್ ಶಿವರಾಜ್ ಸರ್ ಹೇಳಿದರು. ಕೇಳಿ ಕಣ್ಣು ತುಂಬಿಬಂತು.

ನಾನು ದುರ್ಗದ ಟೆನಿಸ್ ಕ್ಲಬ್ಬಿಗೆ ಬಂದ ಹೊಸದರಲ್ಲೇ ಸರ್ ರೇಟಿಂಗ್ ತಂದದ್ದು ನೆನಪಿದೆಯಲ್ಲ? ಗೆದ್ದರೆ ಅಂಕ ಏರುತ್ತದೆ, ಸೋತರೆ ಇಳಿಯುತ್ತದೆ, ಕೆಳಗಿನವರಿಗೆ ಸೋತರಂತೂ ದಡಾರನೆ ಇಳಿಯುತ್ತದೆ. ಅಷ್ಟು ಗೊತ್ತಾದದ್ದೇ ತಡ, ದೊಡ್ಡ ಅಂಕದವರೆಲ್ಲ ನನ್ನನ್ನು ಕಂಡರೆ ಮಾರು ದೂರ. ನನ್ನನ್ನು ಗೆದ್ದರೆ ಅವರಿಗೆ ಚೂರುಪಾರು, ಸೋತರೆ ಮಾನ ಹರಾಜು. ಗೋಡೆಗೆ ಚೆಂಡು ಹೊಡೆಯುತ್ತ ನಿಂತಿದ್ದೆ. ಎಲ್ಲರಿಗಿಂತ ಮೇಲಿದ್ದ ನೀನೇ ಬಂದು, "ಲೇ ಹುಡುಗಿ, ಗೋಡೆ ಏನ್ ಸೋಲ್ತೈತಾ? ಬಾ, ಅಂಕದ ಲೆಕ್ಕಕ್ಕೇ ಆಡಾಣ" ಎಂದೆ. ಆಮೇಲಾಮೇಲೆ ನನಗೆ ಸೋತೆ, ನಿನ್ನ ಅಂಕ ಇಳಿಯಿತು. ನೀನೋ, ಬೆನ್ನು ತಟ್ಟಿ ಕಬ್ಬಿನಹಾಲು ಕೊಡಿಸಿದೆ!

ಮೊನ್ನೆ ಸರ್ ನನ್ನ ಮೂರು ವರ್ಷದ ಅಂಕದ ಏರಿಳಿತದ ಗೆರೆಯನ್ನು ಮೊಬೈಲಿಗೆ ಕಳಿಸಿದ್ದರು. ಮೊದಲು ನೆಲಕ್ಕೇ ಅಂಟಿಕೊಂಡಿದೆ, ನೀನು ನನ್ನ ಜೊತೆ ಆಡಲು ಶುರುಮಾಡಿದ ಮೇಲೆ ಏರುತ್ತಾ ಹೋಗಿದೆ. ಅಮ್ಮನಿಗೆ ತೋರಿಸಿದರೆ, "ಇದೇನೇ, ನಮ್ ಕುರಿ ಗುಡ್ಡ ಹತ್ತಿದಂಗೈತೆ" ಎಂದು ನಕ್ಕಳು. ನನಗೆ ಮಾತ್ರ ಆ ಗೆರೆಯ ತುಂಬ ನೀನೇ ಕಂಡೆ.

ಮೈಸೂರಿನ ರಾಜ್ಯಮಟ್ಟದ ಪಂದ್ಯಕ್ಕೆ ನಾಲ್ವರು ಹುಡುಗಿಯರನ್ನು ಕಳಿಸುತ್ತಾರೆ, ಈ ಭಾನುವಾರದ ಅಂಕ ನೋಡಿ. ನಾಲ್ಕನೆಯವಳು ನಾನು, ನನ್ನ ಹಿಂದೆಯೇ ನೀನು. ಮುಂದಿನ ವರ್ಷಕ್ಕೆ ನಿನಗೆ ವಯಸ್ಸು ಮೀರುತ್ತದೆ. ತಿಂಗಳುಗಟ್ಟಲೆ ಆಡದಿದ್ದರೂ ಅಂಕ ಇಳಿಯುತ್ತದಲ್ಲ, ಮಂಡಿ ನೋವಿಗೆ ಮನೆಯಲ್ಲಿ ಕೂತು ನಿನ್ನ ಅಂಕ ಕರಗಿತು, ಆದರೆ ನಿನ್ನ ಆಟ ಕರಗಿಲ್ಲವೆಂದು ಎಲ್ಲರಿಗೂ ಗೊತ್ತು. ಇಬ್ಬರೂ ಒಪ್ಪಿದರೆ ತಾನೇ ಲೆಕ್ಕದ ಆಟ? ನಿನ್ನ ಜೊತೆಗೆ ಒಬ್ಬರೂ ಒಪ್ಪುತ್ತಿಲ್ಲವಂತೆ.

ನಾನು ಸುಮ್ಮನಿದ್ದುಬಿಟ್ಟರೆ ಜಾಗ ನನ್ನದೇ. "ಭಾನುವಾರ ಕಳಿಯಗಂಟ ಮನೇಲಿ ಕುಂತ್ಕಳೇ, ಯಾರ್ ಕೇಳ್ತಾರೆ" ಎನ್ನುತ್ತಾಳೆ ಅಮ್ಮ. ನನಗೂ ಆಸೆ ಇದೆಯಕ್ಕ, ಸುಳ್ಳು ಯಾಕೆ ಹೇಳಲಿ. ರಾತ್ರಿಯೆಲ್ಲ ಮೈಸೂರಿನದೇ ಕನಸು.

ಆದರೂ ಅಕ್ಕ, ನನ್ನನ್ನು ಆಟಗಾರ್ತಿ ಮಾಡಿದವಳು ನೀನು. ಬದುಕಿರುವ ತನಕ ಮರೆಯಲ್ಲ.

ನಿನ್ನ ತಂಗಿಯಂಥವಳು,
ಕಾವ್ಯಶ್ರೀ

ತಾ.ಕ.: ಶನಿವಾರ ಬೆಳಿಗ್ಗೆ ನಿನ್ನ ಜೊತೆ ಆಡಲು ಒಪ್ಪಿಗೆ ಎಂದು ಸರ್‌ಗೆ ಹೇಳಿಯಾಗಿದೆ. ಲೆಕ್ಕದ ಆಟವೇ. ಗೆದ್ದವಳು ಮೈಸೂರಿಗೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಬಿಟ್ಟುಕೊಡುತ್ತಾಳೆ ಅಂದುಕೊಂಡೀಯ, ಜೋಕೆ! ಮೂಲೆ ಮೂಲೆಗೂ ಓಡಿಸುತ್ತೇನೆ. ಮಂಡಿಗೆ ಪಟ್ಟಿ ಕಟ್ಟಿಕೊಂಡು ಬಾ.