ಅಪ್ಪನ ಬಾಯಿಗೆ ಹಿಡಿದ ಯಂತ್ರ

ಆಸ್ಪತ್ರೆಯ ಎರಡನೇ ಮಹಡಿ, ಕಿಟಕಿ ಪಕ್ಕದ ಬೆಂಚು
ಸೋಮವಾರ ಬೆಳಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಬೆನ್ನುನೋವು ಕಡಿಮೆಯಾಯಿತೇ? ಲಿಫ್ಟಿನ ಗುಂಡಿಯೊಳಗೆ ಬಗ್ಗಿ ರಿಪೇರಿ ಮಾಡುವಾಗ ಸೊಂಟಕ್ಕೆ ಬೆಲ್ಟ್ ಕಟ್ಟಿಕೋ ಅಂತ ಎಷ್ಟು ಬಡಿದುಕೊಂಡರೂ ನಿನ್ನ ತಲೆಗೆ ಹೋಗುವುದಿಲ್ಲ. ನಿನ್ನೆಯಿಂದ ಫೋನೂ ಆಫ್ ಮಾಡಿಕೊಂಡಿದ್ದೀಯ. ಹಟದಲ್ಲಿ ನೀನು ಅಪ್ಪನ ಪಡಿಯಚ್ಚು. ಅದಕ್ಕೇ ಈ ಕಾಗದ. ನಿನ್ನ ಕಡೆ ಬರುವ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡುತ್ತೇನೆ. ಹರಿದು ಹಾಕುವುದಾದರೂ ಓದಿ ಹರಿ.

ಅಪ್ಪನಿಗೆ ಲಕ್ವ ಹೊಡೆದದ್ದು ನಿನಗೆ ಗೊತ್ತು. ಧ್ವನಿ ಹೋದದ್ದು ಗೊತ್ತಿಲ್ಲ. ಬೇಗ ಮರಳುತ್ತೆ ಅಂತ ಡಾಕ್ಟರು ಅಂದಿದ್ದರು, ನಿನ್ನನ್ನು ಯಾಕೆ ಗಾಬರಿಪಡಿಸಲಿ ಅಂತ ನಾನೂ ಬಾಯಿ ಬಿಡಲಿಲ್ಲ. ಇನ್ನು ಬರುವುದೇ ಇಲ್ಲವಂತೆ. 'ತರಕಾರಿ ಮಾರುಕಟ್ಟೆಯಲ್ಲಿ ಇವರು ಹರಾಜು ಕೂಗಿದರೆ ಮನೆಯಲ್ಲಿ ನನ್ನ ಪಾತ್ರೆ ಅಲ್ಲಾಡುತ್ತವೆ' ಅಂತ ಅಮ್ಮ ರೇಗಿಸುತ್ತಿದ್ದಳಲ್ಲ, ಆ ಗಂಟಲು. 'ಹರಾಜು ಕಟ್ಟೆಗೆ ಬರಲ್ಲ ಅಂದ್ರೆ ಈ ಮನೆ ಹೊಸಿಲೂ ತುಳೀಬೇಡ' ಅಂತ ನಿನ್ನ ಮೇಲೆ ಗುಡುಗಿದ ಗಂಟಲೂ ಅದೇ. ಈಗ ಬಾಯಿ ಅಗಲವಾಗಿ ತೆರೆಯುತ್ತಾರೆ, ಪಕ್ಕೆ ಒಳಕ್ಕೆ ಸೆಳೆಯುತ್ತದೆ, ಅಷ್ಟೇ.

ಪ್ರಾಣಿಗಳ ಕೂಗನ್ನು ಅಧ್ಯಯನ ಮಾಡುವ ನನ್ನ ಕೆಲಸ ನಿನಗೆ ಯಾವತ್ತೂ ನಗೆಪಾಟಲು. 'ಅಕ್ಕ ಅಳಿಲಿನ ಸಂಗೀತ ಕೇಳೋಕೆ ಹೋಗಿದಾಳೆ' ಅಂತಿದ್ದೆ. ನಮ್ಮ ಮರದ ಅಳಿಲುಗಳಲ್ಲ, ಬಯಲಿನಲ್ಲಿ ಬಿಲ ತೋಡಿಕೊಂಡಿರುವ ಬೇರೆ ಜಾತಿಯ ಆ ಅಳಿಲುಗಳು ಗಿಡುಗ ಕಂಡಾಗ ಕೆಲವೊಮ್ಮೆ ಹೀಗೇ ಬಾಯಿ ತೆರೆಯುತ್ತವೆ, ನಮಗೆ ಏನೂ ಕೇಳಿಸುವುದಿಲ್ಲ. ಮೊದಮೊದಲು ಆಕಳಿಸುತ್ತಿವೆ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅದು ನಮ್ಮ ಕಿವಿಗೆ ನಿಲುಕದಷ್ಟು ಕೀಚಲು ದನಿಯ ಎಚ್ಚರಿಕೆ. ದನಿಯನ್ನು ತಗ್ಗಿಸಿ ಕೇಳಿಸುವ ಯಂತ್ರ ಹಿಡಿದರೆ ಟಿಕ್ ಟಿಕ್ ಅಂತ ಬರುತ್ತದೆ. ಅಕ್ಕಪಕ್ಕದ ಅಳಿಲುಗಳಿಗೆ ಯಂತ್ರ ಬೇಕಿಲ್ಲ, ತಟ್ಟನೆ ಎದ್ದು ನಿಲ್ಲುತ್ತವೆ.

ನಗಬೇಡ. ಮೊನ್ನೆ ಆ ಯಂತ್ರವನ್ನು ಬ್ಯಾಗಿನಲ್ಲಿ ಬಚ್ಚಿಟ್ಟು ವಾರ್ಡಿಗೆ ತಂದೆ. ಓದಿದವಳು ಮಾಡುವ ಕೆಲಸವೇ ಇದು? ಅಪ್ಪನ ಬಾಯಿಯ ಮುಂದೆ ಹಿಡಿದು ತಿರುಪನ್ನು ಈ ತುದಿಯಿಂದ ಆ ತುದಿವರೆಗೆ ತಿರುಗಿಸಿದೆ. ಟ್ಯೂಬ್‌ಲೈಟ್ ಗುಂಯ್ ಅಂದಿತು. ನರ್ಸಮ್ಮನ ಕೀಗೊಂಚಲು ಸಂತೆಯಷ್ಟು ಗದ್ದಲ ಮಾಡಿತು. ಅಪ್ಪನಿಂದ ಬರೀ ಗಾಳಿ. ಪಕ್ಕದ ಮಂಚದಲ್ಲಿರುವ ದರ್ಜಿ, 'ಏನಮ್ಮಾ, ರೇಡಿಯೋ ಹತ್ತಲಿಲ್ವಾ?' ಅಂದ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಎಲ್ಲೋ ಒಂದು ಚೂರು ದನಿ ಉಳಿದಿರುತ್ತದೆ, ನಮಗೆ ಕೇಳಿಸುತ್ತಿಲ್ಲ ಅಷ್ಟೇ, ಅಂತ ಹುಚ್ಚು ಆಸೆ ಇತ್ತು. ಅದೂ ಹೋಯಿತು.

ಡಾಕ್ಟರು ಕೈಚೆಲ್ಲಿದ್ದಾರೆ. ರಾತ್ರಿಯಿಂದ ಅಪ್ಪನಿಗೆ ಚಮಚ ನೀರೂ ಇಳಿಯುತ್ತಿಲ್ಲ. ನೀನಾದರೂ ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೋಣೆಯ ಗೆಳೆಯನನ್ನು ಕೇಳಿದೆನೆಂದು ಹೇಳು. ಎಲ್ಲಿದ್ದರೂ ಚೆನ್ನಾಗಿರು, ಗೂಬೆ.

ನಿನ್ನ
ಜಗಳಗಂಟಿ ಅಕ್ಕ

ತಾ.ಕ.: ನಿನ್ನೆ ನೀನು ಫೋನ್ ಮಾಡಿದಾಗ ಅದನ್ನು ಅಪ್ಪನ ಕಿವಿಗಿಟ್ಟವಳು ನಾನು. ನಿನ್ನ ದನಿ ಕೇಳಿದರೆ ಸಾಕು ಅನ್ನಿಸಿತ್ತು. ನೀನು 'ಅಪ್ಪಾ, ನಾನು' ಅಂದೆ, ಕಾದೆ. 'ಇನ್ನೂ ಕೋಪಾನಾ? ಹಾಗಾದ್ರೆ ಬರಲ್ಲ ಬಿಡಿ' ಅಂದೆ. ನಾನು ಕಸಿದುಕೊಂಡು ಮಾತಾಡುವಷ್ಟರಲ್ಲಿ ನೀನು ಇಟ್ಟುಬಿಟ್ಟೆ. ಅವರು ಸುಮ್ಮನಿರಲಿಲ್ಲ ಕಣೋ. ನಾನು ನೋಡುತ್ತಿದ್ದೆ. ಕತ್ತಿನ ನರ ಉಬ್ಬಿ, ಹರಾಜು ಕಟ್ಟೆಯ ಮೇಲೆ ನಿಂತಂತೆ ಬಾಯಿ ತೆರೆದು ನಿನ್ನನ್ನೇ ಕರೆಯುತ್ತಿದ್ದರು. ನೀನು ಇಟ್ಟ ಮೇಲೂ ಕರೆಯುತ್ತಲೇ ಇದ್ದರು. ಆಮೇಲೆ ಬಾಯಿ ಮುಚ್ಚಿದವರು ಮತ್ತೆ ತೆರೆದಿಲ್ಲ. ಬಸ್ಸು ಹೊರಡುತ್ತಿದೆ. ಫೋನ್ ಮಾಡಬೇಡ, ಬಾ.